ಮಾರಾಟಕ್ಕಿದ್ದ ನಗು

ಹೋದ ವಾರ ಹೊಳಲ್ಕೆರೆಯಲ್ಲಿ ಬಳೆ ಇಡಿಸಿಕೊಳ್ಳಲು ಕೂತಿದ್ದೆ. ಅಂಗಡಿಯಾಕೆ ನನ್ನ ಕೈಗೆ ಸೋಪಿನ ನೊರೆ ಸವರಿ ಗೆಣ್ಣು ಹಿಚುಕಿದಳು. ಆ ಅಗ್ಗದ ಸೋಪಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಚಿತ್ರದುರ್ಗದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಪಾ ನೆನಪಾದರು. ಬೀದಿಗೆಲ್ಲ ಅವರು ಆಪಾ, ಅಂದರೆ ಅಕ್ಕ. ಅವರ ಗಂಡ ಬಳೆ ಭಾಯ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಭಾಯ್ ಬಳೆ ಇಡುತ್ತಿದ್ದರು, ಆಪಾ ಪಕ್ಕದಲ್ಲಿ ಕೂತು ಬಂದವರ ಜೊತೆ ಹರಟುತ್ತಿದ್ದರು. ಇನ್ನು ಅವರ ನಗು... ಅಬ್ಬಬ್ಬಾ! "ಮೆಲ್ಲಗೆ ನಗೇ, ಬಳೆ ಒಡೆದಾವು" ಎಂದು ಭಾಯ್ ರೇಗಿಸುತ್ತಿದ್ದರು.

ಒಮ್ಮೆ ಕೋಟೆ ನೋಡಲು ಬಂದ ಕ್ಯಾಮೆರಾದವನೊಬ್ಬ ನಮ್ಮ ಬೀದಿಗೂ ಬಂದ. ಭಾಯ್ ತಮ್ಮ ಹೆಂಡತಿಯ ಕೈಗೇ ಬಳೆ ಇಡುವುದನ್ನು ವಿಡಿಯೋ ಮಾಡಿಕೊಂಡ. ಆಪಾ ನಾಚಿ ಮುದುಡಿದ್ದರು. ಭಾಯ್ ಅದೇನು ಪಿಸುಗುಟ್ಟಿದರೋ, ಆಪಾ ಬಾಯ್ತುಂಬ ನಕ್ಕುಬಿಟ್ಟರು. ಒಪ್ಪಿಗೆ ಅಂತ ಒಂದು ಸಹಿ ಹಾಕಿಸಿಕೊಂಡು ಅವನು ಹೋದ. ನಾವೂ ಮರೆತೆವು.

ಆಗ ನಾನು ಒಂದು ಸ್ಟುಡಿಯೋದಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುತ್ತಿದ್ದೆ. ಇಂಥ ಕ್ಯಾಮೆರಾದವರು ಊರೂರು ಸುತ್ತಿ ಮಳೆ, ಸಂತೆ, ನಗುವ ಮುಖ ಎಲ್ಲ ತೆಗೆದು ವೆಬ್‌ಸೈಟಿನಲ್ಲಿ ಮಾರಾಟಕ್ಕೆ ಇಡುತ್ತಾರೆ. ಸ್ಟಾಕ್ ವಿಡಿಯೋ ಅಂತ ಅದಕ್ಕೆ ಹೆಸರು. ಬೇಕಾದವರು ಕೊಂಡು ತಮ್ಮ ಸಿನಿಮಾಕ್ಕೋ ಜಾಹೀರಾತಿಗೋ ಸೇರಿಸಿಕೊಳ್ಳಬಹುದು. ರಾಮಗಿರಿಯ ಮದುಮಗಳ ತಲೆಮೇಲೆ ಎಲ್ಲಿಯದೋ ಹಿಮ ಸುರಿಸಿದವಳು ನಾನು. ಅವರ ಮನೆಯವರಿಗಂತೂ ಖುಷಿಯೋ ಖುಷಿ.

ಎರಡು ಮೂರು ವರ್ಷ ಕಳೆದಿರಬೇಕು, ಎದೆನೋವು ಅಂತ ಆಸ್ಪತ್ರೆಗೆ ಹೋದ ಭಾಯ್ ಮನೆಗೆ ತಿರುಗಿ ಬರಲಿಲ್ಲ. ಆಪಾ ಇದ್ದತ್ ಕೂತರು. ಗಂಡ ಹೋದ ಮೇಲೆ ನಾಲ್ಕು ತಿಂಗಳು ಚಿಲ್ಲರೆ ಮನೆಯೊಳಗೇ ಇರಬೇಕು, ಸಿಂಗಾರ ಮಾಡಿಕೊಳ್ಳುವಂತಿಲ್ಲ. ಬಳೆಗಾರನ ಹೆಂಡತಿಯ ಬರಿಗೈ... ನೋಡಲಾಗದೆ ನಾನು ಗೋಡೆ ನೋಡಿಕೊಂಡು ಮಾತಾಡುತ್ತಿದ್ದೆ. ಅವರಿಗೆ ಮಕ್ಕಳಿರಲಿಲ್ಲ. "ಇದ್ದತ್ ಮುಗೀಲವ್ವ, ಅಂಗಡಿ ನಾನೇ ನಡೆಸ್ಕಂಡ್ ಇಲ್ಲೇ ಇರ್ತೀನಿ" ಅನ್ನುತ್ತಿದ್ದರು. ಅದೊಂದೇ ಅವರ ಆಸೆ. ಆದರೆ ಮನೆ, ಅಂಗಡಿ ಎರಡೂ ಮಾವನ ಕಾಲದ್ದು. ಹೊಸದುರ್ಗದಲ್ಲಿದ್ದ ಭಾಯ್ ಅವರ ಅಕ್ಕ ಹೂಂ ಅನ್ನಬೇಕಿತ್ತು. ಇಲ್ಲದಿದ್ದರೆ ಆಪಾಗೆ ಹಿರಿಯೂರಿನಲ್ಲಿದ್ದ ತಮ್ಮ ತಮ್ಮನ ಮನೆಯೇ ಗತಿ.

ಅಷ್ಟರಲ್ಲಿ ಆ ಹಾಳು ಜಾಹೀರಾತು ಬಂತು. ಹೆಂಗಸರ ಸ್ಕೂಟರಿನದು. ಯಾರೋ ಹುಡುಗಿ ಸ್ಕೂಟರ್ ಹತ್ತುತ್ತಾಳೆ, ಆಮೇಲೆ ಟಿವಿ ತುಂಬ ನಮ್ಮ ಆಪಾ, ಬಾಯ್ತುಂಬ ನಗು. ಅದರ ಮೇಲೆ ಬೇರೊಬ್ಬ ಹೆಂಗಸಿನ ದನಿ: "ಇನ್ನು ನನಗೆ ಯಾರ ಹಂಗೂ ಇಲ್ಲ!" ಸಂಜೆಯಾದರೆ ಧಾರಾವಾಹಿಗಳ ನಡುವೆ ಮನೆಮನೆಯಲ್ಲೂ ಇದೇ. ಆಪಾ ಮನೆಯಲ್ಲಿ ಟಿವಿ ಹಾಕುತ್ತಿರಲಿಲ್ಲ, ಆದರೆ ಆ ದನಿ ಅಕ್ಕಪಕ್ಕದ ಮನೆಗಳಿಂದ ಕಿಟಕಿಯಲ್ಲಿ ತೂರಿ ಬರುತ್ತಿತ್ತು. ಬೀದಿಯವರ ಪಿಸುಮಾತೂ ಬರುತ್ತಿತ್ತು. ಹೊರಗೆ ಹೋಗಿ "ಅದು ಹಳೇದು ಕಣ್ರಪ್ಪಾ" ಅನ್ನೋಣವೆಂದರೆ ಅವರು ಹೊಸ್ತಿಲು ದಾಟುವಂತಿರಲಿಲ್ಲ.

ಹೊಸದುರ್ಗದ ಅಕ್ಕ ಬಸ್ಸಿಳಿದು ನೇರ ಒಳಗೆ ನುಗ್ಗಿದರು. ನಾನೂ ಅಲ್ಲೇ ಇದ್ದೆ.

"ನನ್ ತಮ್ಮನ ಮೇಲೆ ಮಣ್ಣು ಹಾಕಿ ಎಷ್ಟ್ ದಿನ ಆತು? ಯಾರ ಹಂಗೂ ಇಲ್ಲ ಅಂತ ಹಲ್ಲು ಕಿರೀತಾಳೆ!"

"ಅದು ಭಾಯ್ ಇದ್ದಾಗ ತೆಗೆದಿದ್ದು ಕಣ್ರಿ. ಆ ದನೀನೂ ಆಪಾದಲ್ಲ" ಎಂದೆ.

"ನೀವು ಸುಮ್ನಿರ್ರಿ. ಅವಾಗ ತೆಗೆದಿದ್ದು ಇವಾಗ ಹೆಂಗ್ ಬರ್ತೈತೆ?"

ಆಪಾ ತಲೆ ತಗ್ಗಿಸಿ ಕೂತಿದ್ದರು.

ನನಗೆ ಮೈಯೆಲ್ಲ ಉರಿದುಹೋಯಿತು. ಜಾಹೀರಾತಿನವರಿಗೆ ಫೋನ್ ಮಾಡಿದೆ. ದುಡ್ಡು ಕೊಟ್ಟು ಕೊಂಡಿದ್ದೇವೆ, ಅವರೇ ಸಹಿ ಹಾಕಿದ್ದಾರೆ, ನಿಲ್ಲಿಸಲು ಬರುವುದಿಲ್ಲ ಎಂದು ಬಲು ನಯವಾಗಿ ಹೇಳಿದರು. ಸ್ಟಾಕ್ ವೆಬ್‌ಸೈಟಿನಲ್ಲಿ ನಗುವ ಹೆಂಗಸರನ್ನು ಹುಡುಕುತ್ತಾ ಕೂತೆ. ರಾಶಿ ರಾಶಿ ನಗು, ನೋಡಿ ನೋಡಿ ತಲೆ ಚಿಟ್ಟು ಹಿಡಿಯಿತು. ಕೊನೆಗೆ ಸಿಕ್ಕಿತು. ಜಾಹೀರಾತಿನವರು ಮುಖವನ್ನಷ್ಟೇ ಕತ್ತರಿಸಿಕೊಂಡಿದ್ದರು. ಪೂರ್ತಿ ವಿಡಿಯೋದಲ್ಲಿ ಆಪಾ ಅವರ ಮಣಿಕಟ್ಟು ಹಿಡಿದು ಬಳೆ ಏರಿಸುವ ಇನ್ನೊಂದು ಕೈಯಿತ್ತು. ಸೊಟ್ಟಗಿನ ಹೆಬ್ಬೆರಳು, ಬೆಳ್ಳಿ ಉಂಗುರ. ಭಾಯ್ ಕೈ.

ಓಡಿಹೋಗಿ ಭಾಯ್ ಅವರ ಅಕ್ಕನಿಗೆ ತೋರಿಸಿದೆ. ಅವರು ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಯಾ ಅಲ್ಲಾ, ನಮ್ ತಮ್ಮಂದೇ ಕೈ" ಎಂದು ಗೋಳೋ ಎಂದು ಅತ್ತರು. ಸದ್ಯ, ಗೆದ್ದೆವು ಅಂದುಕೊಂಡೆ. ಕಣ್ಣೊರೆಸಿಕೊಂಡು ಅವರು ಹೇಳಿದ್ದೇ ಬೇರೆ.

"ನಾನು ನಂಬಿದೆ ಕಣವ್ವ. ಊರೋರು? ಮನೆಮನೆಗೂ ಹೋಗಿ ಈ ಕೈ ತೋರಿಸ್ಕಂಡ್ ಬರ್ತೀಯಾ? ಇವಳನ್ನ ಅಂಗಡೀಲಿ ಕೂರಿಸಿದ್ರೆ ಬಂದೋರೆಲ್ಲ ಅದನ್ನೇ ಕೇಳ್ತಾರೆ. ಹಿರಿಯೂರಿಗೇ ಹೋಗ್ಲಿ ಬಿಡು."

ಇದ್ದತ್ ಮುಗಿದ ಮರುದಿನವೇ ಹೊರಡುವುದು ಎಂದಾಯಿತು.

ಹೊರಡುವ ಮುಂಚೆ ಆಪಾ ನನ್ನನ್ನು ಕರೆಸಿದರು. "ಅದನ್ನ ನಂಗೂ ಒಂದ್ ಸಲ ತೋರ್ಸವ್ವ." ಅವರು ಅದನ್ನು ನೋಡಿದ್ದು ಅದೇ ಮೊದಲು. ತಮ್ಮ ಮುಖದ ಕಡೆ ಕಣ್ಣೇ ಹಾಯಿಸಲಿಲ್ಲ, ಆ ಕೈಯನ್ನೇ ನೋಡಿದರು. ಕೈಯ ಮೇಲೆ, ಮುಖದ ಮೇಲೆ ವೆಬ್‌ಸೈಟಿನ ಹೆಸರು ಅಡ್ಡಡ್ಡ ಬರೆದಿತ್ತು.

"ಈ ಅಕ್ಷರ ಅಳಿಸಿ ನನ್ ಫೋನಿಗೆ ಹಾಕ್ಕೊಡು."

"ಕೊಂಡ್ಕಂಡ್ರೆ ಮಾತ್ರ ಅಕ್ಷರ ಹೋಗ್ತವೆ ಆಪಾ."

"ನನ್ ಗಂಡನ ಕೈನ ನಾನೇ ಕೊಂಡ್ಕಬೇಕಾ?" ಅಂದವರು ಇದ್ದಕ್ಕಿದ್ದಂತೆ ನಕ್ಕರು. ಅದೇ ನಗು. ಅರ್ಧಕ್ಕೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಾಗಿಲ ಕಡೆ ನೋಡಿದರು.

ನಾನೇ ಕೊಂಡು ಅವರ ಫೋನಿಗೆ ಹಾಕಿಕೊಟ್ಟೆ. ಹಿರಿಯೂರಿಗೆ ಹೋದಾಗಲೆಲ್ಲ ಏನಾದರೂ ತಮಾಷೆ ಮಾಡುತ್ತಿದ್ದೆ. ಸೆರಗು ಅಡ್ಡ ಬಂದೇ ಬರುತ್ತಿತ್ತು. ಬರಬರುತ್ತಾ ತುಟಿಯೇ ಅರಳದೆ, ಸೆರಗಿನ ಅಗತ್ಯವೂ ಬೀಳಲಿಲ್ಲ...

ಆಪಾ ಹೋಗಿ ಈಗ ವರ್ಷವಾಯಿತು. ಆ ಸ್ಕೂಟರ್ ಜಾಹೀರಾತು ಯಾವತ್ತೋ ನಿಂತಿದೆ. ಈಗ ಯಾವುದೋ ಹಲ್ಲಿನ ಆಸ್ಪತ್ರೆಯವರು ಅದೇ ನಗುವನ್ನು ಕೊಂಡು ಹಾಕಿಕೊಂಡಿದ್ದಾರೆ. ಆಪಾ ಮಣ್ಣಿಗೆ ಹೋದ ದಿನ ಅವರ ತಮ್ಮನ ಮಗಳು ನನ್ನ ಪಕ್ಕದಲ್ಲಿ ಕೂತಿದ್ದಳು. ಅಳು ತಡೆಯಲಾರದೆ, "ನಿಮ್ಮ ಅತ್ತೆ ಎಷ್ಟು ಚೆನ್ನಾಗಿ ನಗ್ತಿದ್ರು ಅಲ್ವೇನೇ" ಎಂದೆ.

ಅವಳು ನನ್ನ ಮುಖ ನೋಡಿದಳು. "ಯಾರು, ನಮ್ಮತ್ತೇನಾ? ಅವರು ನಗ್ತಾನೇ ಇರ್ಲಿಲ್ವಲ್ಲ."