ನೂರೆಂಬತ್ತು ಡಿಗ್ರಿ

ಶಹಾಪುರದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಸೂಗಮ್ಮನಿಗೆ ತೀರಾ ಸರಿಯಾಗಿರುವ ಯಾವುದರ ಮೇಲೂ ನಂಬಿಕೆ ಇರಲಿಲ್ಲ. ಕಾಲುವೆಯ ಮೇಲ್ವಿಚಾರಕನಾಗಿದ್ದ ಅಪ್ಪನಿಂದ ಬಂದ ಗುಣ ಅದು. ನೀರಿನ ಮಟ್ಟ ಬರೆದಿಡುವ ವಹಿಯಲ್ಲಿ ವಾರವಿಡೀ ಒಂದೇ ಅಂಕಿ ಕಂಡರೆ ಅಪ್ಪ, “ಈ ಮನಿಷಾ ಕಾಲುವಿ ಕಡಿ ಹೋಗೇ ಇಲ್ಲ” ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಸಹೋದ್ಯೋಗಿ ಮರಿಲಿಂಗಪ್ಪ ತನ್ನ ಪಿಎಚ್.ಡಿ.ಗಾಗಿ ಕಟ್ಟಿದ ಪ್ರೋಟೀನ್ ಮಾದರಿಯನ್ನು ಆಕೆಗೆ ತೋರಿಸಿದ. ಅಮೈನೋ ಆಮ್ಲಗಳನ್ನು ಸರಪಳಿಯಂತೆ ಬೆಸೆಯುವ ಪೆಪ್ಟೈಡ್ ಬಂಧದ ತಿರುವು ಸಾಮಾನ್ಯವಾಗಿ ನೂರೆಂಬತ್ತು ಡಿಗ್ರಿಯ ಆಸುಪಾಸು ಇರುತ್ತದೆ. ಇವನ ಪಟ್ಟಿಯಲ್ಲಿ ಇನ್ನೂರ ಹನ್ನೊಂದು ಬಂಧಗಳೂ ಕರಾರುವಾಕ್ಕಾಗಿ ನೂರೆಂಬತ್ತೇ.

“ಒಂದಾದ್ರೂ ಅರ್ಧ ಡಿಗ್ರಿ ಆಕಡಿ ಈಕಡಿ ಆಗಿಲ್ಲೇನ್ರಿ?” ಎಂದು ಸೂಗಮ್ಮ ಕೇಳಿದಳು.

“ಪುಸ್ತಕದಾಗ ಹಂಗ ಐತ್ರಿ ಮೇಡಂ. ಅದಕ್ಕ ಕಂಪ್ಯೂಟರಿಗೂ ಅಷ್ಟೇ ಇಡು ಅಂತ ಹೇಳೀನಿ.”

ಆಕೆ ಪರಮಾಣುಗಳು ನಿಜಕ್ಕೂ ಎಲ್ಲಿವೆಯೆಂದು ತೋರಿಸುವ, ಪ್ರಯೋಗದಿಂದ ಬಂದ ಎಲೆಕ್ಟ್ರಾನ್ ನಕ್ಷೆಯನ್ನು ಪರದೆಗೆ ತಂದಳು. ಪ್ರೋಲಿನ್ ಎಂಬ ಆಮ್ಲದ ಮುಂಚಿನ ಬಂಧದಲ್ಲಿ ನಕ್ಷೆಗೂ ಮಾದರಿಗೂ ಹೊಂದಿಕೆಯೇ ಇರಲಿಲ್ಲ. ನಕ್ಷೆಯಲ್ಲಿ ಪೂರ್ತಿ ತಿರುಗಿ ಸೊನ್ನೆ ಡಿಗ್ರಿಗೆ ನಿಂತಿದ್ದ ಬಂಧವನ್ನು ಇವನು ಎಳೆದು ನೆಟ್ಟಗೆ ಮಾಡಿದ್ದ.

“ಇದನ್ನ ನೀವು ನೋಡೇ ಇಲ್ಲ,” ಎಂದಳು. ಮರಿಲಿಂಗಪ್ಪ ತಲೆ ತಗ್ಗಿಸಿಕೊಂಡು ಹೋದ.

ಗೆದ್ದ ಹುಮ್ಮಸ್ಸಿನಲ್ಲಿ ಮನೆಗೆ ಬಂದವಳಿಗೆ ಚಹಾ ಕುಡಿಯುವಾಗ ಇನ್ನೊಂದು ಅನುಮಾನ ಹೊಕ್ಕಿತು. ಕಪಾಟಿನಿಂದ ಇಪ್ಪತ್ತು ವರ್ಷದ ಹಿಂದಿನ ತನ್ನದೇ ಪಿಎಚ್.ಡಿ. ಪ್ರಬಂಧ ತೆಗೆದು, ಬಂಧಗಳ ಕೋಷ್ಟಕದ ಮೇಲೆ ಬೆರಳಾಡಿಸಿದಳು. ನೂರೆಂಬತ್ತು, ನೂರೆಂಬತ್ತು, ನೂರೆಂಬತ್ತು. ಪುಟ ತಿರುಗಿಸಿದಳು, ಅಲ್ಲೂ ಅದೇ.

ಕಾಲುವೆಯ ಕಡೆ ಅವಳೂ ಹೋಗಿರಲಿಲ್ಲ.