ಹಿಂದಿನ ಸೀಟಿನ ಪ್ರಯಾಣ

ಅನು, ಚೇತು, ಆ ವಿಮಾನದ ವಿಷಯ ನೀವು ಕೇಳಿದಾಗಲೆಲ್ಲ ಮಾತು ಮರೆಸಿದ್ದೇನೆ. ಎದುರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನ್ಯೂಯಾರ್ಕ್ ರಾಜ್ಯದ ಉತ್ತರದ ಒಂದು ಚಿಕ್ಕ ಊರಿನಲ್ಲಿ ನನ್ನ ತಂಗಿಯ ಮಗಳು ಸುಧಾಳ ಬಾಣಂತನ ಮುಗಿಸಿ, ನ್ಯೂಜೆರ್ಸಿಯ ವೆಸ್ಟ್ ವಿಂಡ್ಸರ್‌ನ ನಿಮ್ಮ ಮನೆಗೆ ಹೊರಟಿದ್ದೆ. ಕಾರಿನಲ್ಲಾದರೆ ಆರು ತಾಸು. ಹಿಮದಲ್ಲಿ ರಸ್ತೆ ಬೇಡವೆಂದು ಸುಧಾಳ ಗಂಡ ಪ್ರಸನ್ನ ಒಂಬತ್ತು ಸೀಟಿನ ವಿಮಾನಕ್ಕೆ ಟಿಕೆಟ್ ಮಾಡಿಸಿದ. ಬೆಳಿಗ್ಗೆ ಮೊಸರನ್ನ ತಿಂದು ಹೊರಟೆ; ನನ್ನನ್ನು ಹತ್ತಿಸಿ ಹೋಗಲು ಅವನೂ ಬಂದ. ಅಲ್ಲಿಯ ವಿಮಾನ ನಿಲ್ದಾಣ ನಮ್ಮೂರ ಬಸ್ ಸ್ಟ್ಯಾಂಡಿಗಿಂತ ಚಿಕ್ಕದು.

ಕೌಂಟರಿನ ಹುಡುಗಿ ಪ್ರತಿಯೊಬ್ಬರ ತೂಕ ಕೇಳಿ ಬರೆದುಕೊಳ್ಳುತ್ತಿದ್ದಳು. ನನ್ನ ಬೆನ್ನ ಹಿಂದೆ ನಾಲ್ವರು ಗಂಡಸರು ನಿಂತಿದ್ದರು.

“ದೊಡ್ಡಮ್ಮ, ಸರಿಯಾಗಿ ಹೇಳಿ. ಚಿಕ್ಕ ಪ್ಲೇನು, ಬ್ಯಾಲೆನ್ಸ್ ನೋಡ್ತಾರೆ,” ಎಂದ ಪ್ರಸನ್ನ.

“ಐವತ್ತು ಕೆಜಿ,” ಎಂದೆ.

ಇದ್ದದ್ದು ಅರವತ್ತೆರಡು. ಜೊತೆಗೆ, ಬ್ಯಾಗು ಭಾರವಾಯಿತೆಂದು, ಬಾಣಂತಿಗೆ ಶುಂಠಿ ಮೆಣಸು ಜಜ್ಜಿದ ಕಲ್ಲಿನ ಕುಟ್ಟಾಣಿಯನ್ನು ಕೋಟಿನೊಳಗೆ ಸೊಂಟಕ್ಕೆ ಕಟ್ಟಿಕೊಂಡಿದ್ದೆ. ಅದನ್ನೂ ಹೇಳಲಿಲ್ಲ.

ವಿಮಾನದಲ್ಲಿ ನಾನು ಮುಂದಿನ ಸೀಟಿನಲ್ಲಿ ಕುಳಿತಿದ್ದೆ. ಪೈಲಟ್ ತೂಕ ಬರೆದ ಚೀಟಿ ನೋಡಿ, ಹಗುರದವರು ಹಿಂದಕ್ಕೆ ಎಂದು ನನ್ನನ್ನು ಎಬ್ಬಿಸಿ, ಕೊನೆಯಲ್ಲಿದ್ದ ಕೆಂಪು ಟೋಪಿಯ ಅಜ್ಜನನ್ನು ನನ್ನ ಜಾಗಕ್ಕೆ ಕರೆದ. ಅವರು ಕಡ್ಡಿಯಂತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, ನೀವು ನನಗಿಂತ ಹಗುರವೇ ಎಂದು ಇಂಗ್ಲಿಷಿನಲ್ಲಿ ಕೇಳಿ ನಕ್ಕರು. ನಾನು ಕೋಟನ್ನು ಬಿಗಿಯಾಗಿ ಹಿಡಿದುಕೊಂಡು ಹಿಂದಕ್ಕೆ ಹೋದೆ.

ಕಿಟಕಿಯಾಚೆ ಬರೀ ಬಿಳಿ. ರೆಕ್ಕೆಯ ಅಂಚಿನಲ್ಲಿ ಮಂಜುಗಡ್ಡೆ ಕಟ್ಟುತ್ತಾ ಬಂತು. ಇಳಿಯುವ ಹೊತ್ತಿಗೆ ವಿಮಾನ ಜ್ವರ ಬಂದವರ ಹಾಗೆ ನಡುಗಿತು. ನ್ಯೂಜೆರ್ಸಿಯ ಒಂದು ಹೊಲದಲ್ಲಿ ಬಿದ್ದೆವು.

ಇಂಜಿನ್ನು ನಿಂತುಹೋಗಿತ್ತು. ಮೇಲಿನ ತಗಡು ಸೀಳಿದಲ್ಲಿಂದ ಹಿಮ ಮೆಲ್ಲಗೆ ಒಳಗಿಳಿಯುತ್ತಿತ್ತು. ನನ್ನ ಕೈಮೇಲೆ ಬಿದ್ದದ್ದು ಕರಗಿತು. ಪಕ್ಕದಲ್ಲಿ ನರಳುತ್ತಿದ್ದವನ ಹಣೆಯ ಮೇಲೂ ಕರಗಿತು. ಮುಂದಿನ ಸೀಟಿನ ಅಜ್ಜ ಮುಖವನ್ನು ನನ್ನ ಕಡೆಗೆ ತಿರುಗಿಸಿಕೊಂಡು ಕುಳಿತಿದ್ದರು. ಟೋಪಿ ಇರಲಿಲ್ಲ. ಏನೋ ಕೇಳಿ ಉತ್ತರಕ್ಕೆ ಕಾಯುವವರ ಹಾಗೆ ಕಣ್ಣು ತೆರೆದಿತ್ತು. ರೆಪ್ಪೆಯ ಮೇಲೆ ಹಿಮ ಕೂತಿತು. ಕರಗಲಿಲ್ಲ. ಜನ ಬರುವಷ್ಟರಲ್ಲಿ ಮುಖವೆಲ್ಲ ಬೆಳ್ಳಗಾಗಿತ್ತು.

ಮರುದಿನ ಆಸ್ಪತ್ರೆಗೆ ತನಿಖೆಯ ಅಧಿಕಾರಿಯೊಬ್ಬ ಬಂದ. “ಅಮ್ಮ, ತೂಕ ಎಷ್ಟು ಹೇಳಿದ್ದೆ ಅಂತ ಕೇಳ್ತಿದಾರೆ,” ಎಂದಳು ನಿಮ್ಮಮ್ಮ. ನಿಜ ಹೇಳಿ, ಆಸ್ಪತ್ರೆಯವರು ನನ್ನ ಬಟ್ಟೆಬರೆ ಹಾಕಿಟ್ಟಿದ್ದ ಚೀಲದಿಂದ ಕುಟ್ಟಾಣಿ ತೆಗೆದು ಮಂಚದ ಮೇಲಿಟ್ಟೆ.

“ಇದನ್ನ ಸೊಂಟಕ್ಕೆ ಕಟ್ಕೊಂಡಿದ್ಯಾ? ನಮ್ಮನೇಲಿ ಮಿಕ್ಸಿ ಇಲ್ವಾ?”

ಅಧಿಕಾರಿ ಅದನ್ನು ಅಂಗೈಯಲ್ಲಿ ಎತ್ತಿ ನೋಡಿದ. ಇಷ್ಟಕ್ಕೆ ವಿಮಾನ ಬೀಳುವುದಿಲ್ಲ, ರೆಕ್ಕೆಯ ಮೇಲಿನ ಮಂಜುಗಡ್ಡೆಯಿಂದ ಬಿದ್ದಿರಬೇಕು ಎಂದ. ನಿಜ ಹೇಳಿದ್ದರೆ ಮುಂದಿನ ಸೀಟಿನಲ್ಲಿ ಯಾರಿರುತ್ತಿದ್ದರು ಎಂದು ಕೇಳಬೇಕೆಂದಿದ್ದೆ. ಅವನು ಬಾಗಿಲು ದಾಟುವವರೆಗೂ ಬಾಯಿ ಬರಲಿಲ್ಲ.

ಮನೆಗೆ ಬರುವಾಗ ಮತ್ತೆ ಹಿಮ. ನಾನು ಕಾರಿನ ಕಿಟಕಿ ಇಳಿಸಿ ಕೈ ಹೊರಗಿಟ್ಟೆ. “ಅಜ್ಜಿ, ಇಟ್ಸ್ ಫ್ರೀಜಿಂಗ್, ಕ್ಲೋಸ್ ಇಟ್,” ಅಂದೆಯಲ್ಲ ಚೇತು, ನೆನಪಿದೆಯೇ? ಅಂಗೈಯ ಮೇಲೆ ಒಂದು ಚೂರು ಬಂದು ಕೂತಿತ್ತು. ಅದು ಕರಗಿ ನೀರಾಗುವವರೆಗೆ ನಾನು ಗಾಜು ಏರಿಸಲಿಲ್ಲ.