ಟಿಣ್ಣಕ್ಕನ ಅರಗಳು

ಗುಜರಿ ಅಂಗಡಿಯಲ್ಲಿ ಹುಟ್ಟಿ ಬೆಳೆದವರಿಗೆ ಜೋಗುಳ ಯಾವುದಾಗಿತ್ತು ಎಂದು ಯಾರೂ ಕೇಳುವುದಿಲ್ಲ. ಟಿಣ್ಣಕ್ಕನನ್ನು ಕೇಳಿದ್ದರೆ ಹೇಳುತ್ತಿದ್ದಳು. ತಕ್ಕಡಿಯ ಸರಪಳಿ ಕುಲುಕುವುದು, ತಗಡಿನ ಮೇಲೆ ಬೋಲ್ಟುಗಳು ಸುರಿಯುವುದು, ಅಪ್ಪ ಕಬ್ಬಿಣವನ್ನು ಒಂದು ಕಡೆಗೂ ಹಿತ್ತಾಳೆಯನ್ನು ಇನ್ನೊಂದು ಕಡೆಗೂ ಎಸೆಯುವುದು. ಎಲ್ಲಕ್ಕಿಂತ ಮಿಗಿಲಾಗಿ ಅರಗಳು. ಬಡಗಿಗಳು, ಫಿಟ್ಟರುಗಳು, ಗರಗಸಕ್ಕೆ ಹಲ್ಲು ಮಾಡಿಕೊಡುವವರು ಉಜ್ಜಿ ಉಜ್ಜಿ ಸವೆಸಿ, ಇನ್ನು ಕೆಲಸಕ್ಕೆ ಬಾರದು ಎಂದಾಗ ತೂಕಕ್ಕೆ ಹಾಕಿ ಹೋಗುವ ಉಕ್ಕಿನ ಅರಗಳು. ಅಪ್ಪ ಅವನ್ನು ಬಾಗಿಲ ಪಕ್ಕದ ಡ್ರಮ್ಮಿನಲ್ಲಿ ತುಂಬಿಡುತ್ತಿದ್ದ. ಮಗಳು ಒಂದೊಂದನ್ನೇ ಎತ್ತಿ, ಹಿಡಿ ಸಿಕ್ಕಿಸುವ ಬಾಲಕ್ಕೆ ದಾರ ಕಟ್ಟಿ ತೂಗುಬಿಟ್ಟು, ಮೊಳೆಯಿಂದ ತಟ್ಟುವಳು. ಟಿಣ್. ಕೆಲವು ಅರಗಳ ದನಿ ಮುಗಿಯಿತು ಎಂದುಕೊಂಡ ಮೇಲೂ ಗಾಳಿಯಲ್ಲಿ ಒಂದು ಎಳೆ ಉಳಿದಿರುತ್ತಿತ್ತು. ಕೆಲವು ಮಾತ್ರ ಹಸಿ ಸೌದೆಯ ಹಾಗೆ ಟಪ್ ಎಂದು ಸುಮ್ಮನಾಗುತ್ತಿದ್ದವು.

ಆ ಟಪ್ ಎನ್ನುವವುಗಳ ಒಳಗೆ ಬಿರುಕಿದೆ ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಯಾರದೋ ಕೈಜಾರಿ ಕಲ್ಲುನೆಲದ ಮೇಲೆ ಬಿದ್ದದ್ದು, ಪೆಟ್ಟಿಗೆಯ ಮುಚ್ಚಳ ಮೀಟಲು ಹೋಗಿ ಬಳುಕಿದ್ದು, ಪುಡಿ ಉದುರಿಸಲೆಂದು ಕಬ್ಬಿಣಕ್ಕೆ ಕುಟ್ಟಿಸಿಕೊಂಡದ್ದು, ಅರದ ಮೈಯಲ್ಲಿ ಎಲ್ಲವೂ ಉಳಿದಿರುತ್ತದೆ. ಕೂದಲೆಳೆಗಿಂತ ಸಣ್ಣ ಬಿರುಕು ಕಣ್ಣಿಗೆ ಬೀಳುವುದಿಲ್ಲ. ಕಿವಿಗೆ ಬೀಳುತ್ತದೆ.

ಚಕಮಕಿ ಮಾಡುವ ಒಬ್ಬ ಹುಡುಗ ಆ ಡ್ರಮ್ಮಿಗೆ ಬರುತ್ತಿದ್ದ. ಬೆಣಚುಕಲ್ಲಿಗೆ ಹೊಡೆದರೆ ಕಿಡಿ ಉದುರಿಸುವ ಉಕ್ಕಿನ ಬಳೆಯಂಥದ್ದನ್ನು ಅವನ ಅಪ್ಪನೂ ಮಾಡುತ್ತಿದ್ದ, ಅವನೂ ಮಾಡುತ್ತಿದ್ದ. ಅದಕ್ಕೆ ಹಳೆಯ ಅರದ ಉಕ್ಕಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಅವನು ಕೈಗೆ ಸಿಕ್ಕಿದ್ದನ್ನು ಬಾಚಿಕೊಂಡು ಹೋಗುವಾಗ ಒಂದು ದಿನ ಡ್ರಮ್ಮಿನ ಹಿಂದಿನಿಂದ ದನಿ ಬಂತು.

“ಅದು ಬೇಡ. ಒಳಗೆ ಒಡೆದಿದೆ.”

ಹುಡುಗ ಅರವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. “ಕಣ್ಣಿಗೇನೂ ಕಾಣಲ್ವಲ್ಲ?”

“ಕಣ್ಣಿಗೆ ಕಾಣೋ ಹಾಗಿದ್ರೆ ನಿಮಗೇ ಕಾಣ್ತಿತ್ತು.”

ಮುಂದಿನ ವಾರ ಅವನು ಮತ್ತೆ ಬಂದ. ಆಮೇಲೆ ಅರಗಳು ಎಷ್ಟು ಬೇಕೋ ಅದಕ್ಕಿಂತ ಹೆಚ್ಚೇ ಬಂದ. ಕೊನೆಗೆ ಅವಳ ಅಪ್ಪನೇ ತಕ್ಕಡಿ ಕೆಳಗಿಟ್ಟು ಹೇಳಿದ: “ನಿನಗೆ ಅರ ಬೇಕೋ, ಅರ ತಟ್ಟೋಳು ಬೇಕೋ, ಒಂದು ಸಲ ಬಾಯಿಬಿಟ್ಟು ಹೇಳಿಬಿಡಪ್ಪ. ನನ್ನ ಅಂಗಡಿ ಬಾಗಿಲು ಸವೀತಿದೆ.”

ಹಾಗೆ ಅವಳು ಕುಲುಮೆಯ ಮನೆಗೆ ಬಂದಳು. ಟಿಣ್ಣಕ್ಕ ಎಂಬ ಹೆಸರೂ ಜೊತೆಗೇ ಬಂತು.

ಮನೆಯ ಹಿಂದೆ ಕುಲುಮೆಯ ಕೋಣೆ. ತಗ್ಗಿದ ಮಾಡು, ಒಂದೇ ಕಿಟಕಿ, ಅದಕ್ಕೂ ಗೋಣಿಚೀಲದ ಪರದೆ. ಬೆಳಕು ಹೆಚ್ಚಾದರೆ ಕಾದ ಉಕ್ಕಿನ ಬಣ್ಣ ಮೋಸ ಮಾಡುತ್ತದೆ. ಹೊರಗಿನಿಂದ ಒಳಗೆ ಕಾಲಿಟ್ಟರೆ ಮೊದಲು ಏನೂ ಕಾಣದು. ಆಮೇಲೆ ಮೆಲ್ಲನೆ ಕೆಂಡ, ಉಕ್ಕನ್ನು ಇಟ್ಟು ಬಡಿಯುವ ಅಡಿಗಲ್ಲು, ಕಲ್ಲಿನ ನೀರುತೊಟ್ಟಿ, ಕೊನೆಗೆ ಗಂಡನ ಮುಖ. ಇಷ್ಟು ವರ್ಷದ ಮೇಲೂ ಟಿಣ್ಣಕ್ಕನಿಗೆ ಆ ಕೋಣೆ ನಿದ್ದೆಯ ಒಳಗಡೆಯ ಹಾಗೆಯೇ ಕಾಣುತ್ತಿತ್ತು. ಅಲ್ಲಿ ಅವನು ಅರದ ಹಲ್ಲುಗಳನ್ನು ಸಾಣೆಗೆ ಹಿಡಿದು ನುಣ್ಣಗೆ ಮಾಡಿ, ಕಾಯಿಸಿ, ಬಡಿದು, ಎರಡೂ ತುದಿಗಳನ್ನು ಒಳಕ್ಕೆ ಸುರುಳಿ ಸುತ್ತಿ, ಮತ್ತೆ ಕಾಯಿಸಿ, ದಾಳಿಂಬೆ ಕಾಳಿನ ಬಣ್ಣ ಬಂದ ಕ್ಷಣಕ್ಕೆ ಸರಿಯಾಗಿ ತೊಟ್ಟಿಗೆ ಇಳಿಸುತ್ತಿದ್ದ. ನೀರು ಕುಡಿಸುವುದು ಎನ್ನುತ್ತಾರೆ ಅದಕ್ಕೆ. ನೀರು ಕುಡಿದ ಉಕ್ಕು ಗಾಜಿನಷ್ಟು ಗಡಸಾಗುತ್ತದೆ. ಗಡಸಾದರೇ ಕಿಡಿ.

ಕೊಳ್ಳುವವರು ದೋಣಿಯವರು, ಜೇನು ಸಾಕುವವರು, ಬೆಟ್ಟ ಹತ್ತುವ ಹವ್ಯಾಸದವರು. ಬೆಂಕಿಪೊಟ್ಟಣ ನೆನೆದರೆ ಮುಗಿಯಿತು, ಇದು ನೆನೆದರೆ ಒರೆಸಿಕೊಂಡರಾಯಿತು. ಹತ್ತಿಬಟ್ಟೆಯನ್ನು ಡಬ್ಬಿಯಲ್ಲಿ ಮುಚ್ಚಿ, ಒಲೆಯ ಮೇಲಿಟ್ಟು ಕರಿಕು ಮಾಡಿ ಕಿಡಿ ಹಿಡಿಯಲು ಕೊಡುವುದು ಅತ್ತೆಯ ಕೆಲಸ. ಅತ್ತೆಗೆ ಹಲ್ಲು ಒಂದೂ ಇರಲಿಲ್ಲ, ನಾಲಿಗೆ ಮಾತ್ರ ಹರಿತವಾಗಿತ್ತು. ಅರ ಆರಿಸುವುದು ಟಿಣ್ಣಕ್ಕನದು. ಅವಳು ತಂದುಕೊಟ್ಟ ಅರವನ್ನು ಗಂಡ ಮರುಮಾತಿಲ್ಲದೆ ಕೆಂಡಕ್ಕಿಡುತ್ತಿದ್ದ.

ನಲವತ್ತು ದಾಟಿದ ಮೇಲೆ ಅವಳ ಸುತ್ತಲಿನ ಲೋಕ ಸ್ವಲ್ಪ ಸ್ವಲ್ಪವೇ ದೂರ ಸರಿಯತೊಡಗಿತು. ಮೊದಲು ಗೋಡೆಗಡಿಯಾರ ನಿಂತಿತು ಎಂದುಕೊಂಡಳು. ನೋಡಿದರೆ ಮುಳ್ಳು ಓಡುತ್ತಿತ್ತು. ಹಾಲು ಸದ್ದಿಲ್ಲದೆ ಉಕ್ಕಿ ಒಲೆ ಮೇಲೆ ಹರಿಯಿತು. ಬೀದಿಯಲ್ಲಿ ಸೈಕಲ್ಲುಗಳು ನೀರಿನಡಿಯ ಮೀನುಗಳ ಹಾಗೆ ಅವಳ ಪಕ್ಕದಲ್ಲೇ ಹಾದುಹೋಗತೊಡಗಿದವು. ಕಿವಿಯಲ್ಲಿ ಯಾರೋ ಹತ್ತಿ ಇಟ್ಟು, ದಿನವೂ ಇನ್ನೊಂದು ಚೂರು ಸೇರಿಸುತ್ತಿದ್ದಂತೆ ಇತ್ತು. ಹಿತವೇ ಅನಿಸಿತು ಒಮ್ಮೊಮ್ಮೆ. ಎದುರಿಗೆ ನಿಂತು ಮಾತಾಡಿದವರ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದಳು, ತಿಳಿಯದಿದ್ದಾಗ ನಗುತ್ತಿದ್ದಳು.

ಯಾರಿಗೂ ಹೇಳಲಿಲ್ಲ. ಈ ಮನೆಗೆ ಅವಳು ತಂದಿದ್ದು ಕಿವಿಯೊಂದನ್ನೇ. ಅದೂ ಹೋಯಿತು ಎಂದ ಮೇಲೆ ಟಿಣ್ಣಕ್ಕ ಅಂದರೆ ಯಾರು?

ಡ್ರಮ್ಮಿನ ಮುಂದೆ ಕೂತು ಅಭ್ಯಾಸದಂತೆ ತಟ್ಟುತ್ತಿದ್ದಳು. ದನಿ ಸತ್ತಂತೆ ಕೇಳುತ್ತಿತ್ತು, ಎಲ್ಲದರದೂ. ಆಗ ಕಣ್ಣಿನ ಮೇಲೆ ಭಾರ ಹಾಕಿದಳು. ಅರದ ಮೂತಿ ಚೂರು ಮುರಿದು, ಒಳಗೆ ಬೂದಿಯಂಥ ನುಣುಪು ಇದೆಯೇ, ಸಾಣೆಗೆ ಮುಟ್ಟಿಸಿದರೆ ಕಿಡಿ ಕವಲೊಡೆದು ಹೂವಾಗುತ್ತದೆಯೇ ಎಂದು ನೋಡಿದಳು. ಹಾಗೆ ನೋಡಿದರೆ ಮೇಲೆ ಮಾತ್ರ ಗಡಸಾಗಿ ಒಳಗೆಲ್ಲ ಬೆಣ್ಣೆಯಾಗಿರುವ ಈಚಿನ ಅಗ್ಗದ ಅರಗಳು ಸಿಕ್ಕಿಬೀಳುತ್ತವೆ. ಒಳಬಿರುಕು ಸಿಕ್ಕಿಬೀಳುವುದಿಲ್ಲ.

ಕುಲುಮೆಯಲ್ಲಿ ಚಕಮಕಿಗಳು ಒಡೆಯತೊಡಗಿದವು.

ನೀರಿಗಿಳಿದ ಉಕ್ಕು ಸೀಳಿದರೆ ಟಿಕ್ ಎಂದು ಒಂದು ಸಣ್ಣ ಸದ್ದಾಗುತ್ತದೆ. ಆ ಸದ್ದು ಅವಳಿಗೆ ಕೇಳಲಿಲ್ಲ. ಗಂಡನ ಭುಜ ಕುಸಿದದ್ದು ಕಂಡಿತು. ಅವನು ತುಂಡುಗಳನ್ನು ಮೂಲೆಯ ಬಕೆಟ್ಟಿಗೆ ಎಸೆದು ಇನ್ನೊಂದನ್ನು ಕಾಯಿಸುತ್ತಿದ್ದ. ಅವಳ ಮೇಲೆ ಅವನಿಗೆ ಅನುಮಾನವೇ ಬರಲಿಲ್ಲ. ನೀರನ್ನು ಬೈದ. ನೀರು ಬೆಚ್ಚಗೆ ಮಾಡಿದ, ಉಪ್ಪು ಹಾಕಿದ, ಮಳೆನೀರು ಹಿಡಿದು ತುಂಬಿದ. ಇದ್ದಿಲು ಬದಲಿಸಿದ. ಕಿಟಕಿಗೆ ಇನ್ನೊಂದು ಗೋಣಿ ಹೊದಿಸಿದ. ಕೊನೆಗೆ ತನ್ನ ಕಣ್ಣನ್ನೇ ಬೈದುಕೊಂಡ.

“ಬಣ್ಣ ಕಾಣ್ತಿಲ್ಲ ಕಣಮ್ಮ ನನಗೆ,” ಎಂದ ಅವನು ಊಟಕ್ಕೆ ಕೂತಾಗ, ತಾಯಿಯ ಮುಖ ನೋಡದೆ. “ದಾಳಿಂಬೆ ಅಂದ್ಕೊಂಡು ಇಳಿಸ್ತೀನಿ, ಅದು ಮೀರಿರುತ್ತೆ.”

“ತಟ್ಟೇಲಿ ಉಪ್ಪು ಕಾಣ್ತಿದೆ ತಾನೆ? ಮೊದಲು ಊಟ ಮಾಡು,” ಎಂದಳು ಅತ್ತೆ. ಆದರೆ ಅವಳೂ ಮತ್ತೆ ತಮಾಷೆ ಮಾಡಲಿಲ್ಲ.

ನೀರಿನಲ್ಲಿ ಉಳಿದುಕೊಂಡವಾದರೂ ಆಮೇಲೆ ಒಡೆಯದಿರಲೆಂದು ಅವನು ಕತ್ತಿಗೆ ಮಾಡುವಂತೆ ಮಾಡಿದ. ನೀರು ಕುಡಿಸಿದ ಚಕಮಕಿಯನ್ನು ಕೆಂಡದ ಮೇಲೆ ಮತ್ತೆ ಹಿಡಿದು, ಬಿಗಿ ಸಡಿಲಿಸಿ, ಹದ ಮೆತ್ತಗೆ ಮಾಡಿದ. ಒಡೆಯಲಿಲ್ಲ. ಆದರೆ ಮೆತ್ತಗಾದ ಉಕ್ಕು ಕಲ್ಲನ್ನು ಸವರುತ್ತದೆ, ಕಿಡಿ ಕೊಡುವುದಿಲ್ಲ. ಹಳೆಯ ಗಿರಾಕಿ ದೋಣಿಯವನು ತನ್ನದನ್ನು ವಾಪಸ್ ತಂದು ಹೊಸಿಲ ಮೇಲಿಟ್ಟ. “ನೋಡೋಕೆ ಲಕ್ಷಣವಾಗಿದೆ ಮಾರಾಯ. ಹೆಂಡತಿ ಕೂದಲಿಗೆ ಸಿಕ್ಕಿಸ್ಕೊಳ್ಳಲಿ ಅಂತ ಕೊಟ್ಟಿದ್ದೆ, ಅವಳೂ ಬೇಡ ಅಂದ್ಲು,” ಎಂದ. ಕುಲುಮೆಯವನು ನಕ್ಕ. ನಕ್ಕು, ಒಳಗೆ ಹೋಗಿ ಕೆಂಡಕ್ಕೆ ನೀರೆರಚಿದ. ಗೇಟು ಮಾಡುವ ವೆಲ್ಡಿಂಗ್ ಶಾಪಿನವರು ಕೆಲಸಕ್ಕೆ ಜನ ಹುಡುಕುತ್ತಿದ್ದರು. ಸೋಮವಾರದಿಂದ ಬರುತ್ತೇನೆ, ಶನಿವಾರ ಬಂದು ಮಾತು ಮುಗಿಸುತ್ತೇನೆ ಎಂದು ಹೇಳಿಕಳಿಸಿದ. ಅಡಿಗಲ್ಲಿಗೆ ಗಿರಾಕಿ ಇದ್ದರೆ ಹೇಳು ಎಂದು ಗುಜರಿ ಅಂಗಡಿಯ ಭಾವಮೈದುನನಿಗೂ ತಿಳಿಸಿದ.

ಟಿಣ್ಣಕ್ಕ ಆ ಶನಿವಾರ ಬೆಳಿಗ್ಗೆ ತವರಿನ ಅಂಗಡಿಗೆ ಹೋದಳು. ಯಾಕೆ ಹೋದಳೋ ಅವಳಿಗೇ ಗೊತ್ತಿರಲಿಲ್ಲ. ಅರ ಇನ್ನು ಯಾರಿಗೆ ಬೇಕು? ಅಪ್ಪ ಹೋದ ಮೇಲೆ ಅಂಗಡಿ ತಮ್ಮನದು. ಅವನು ಎದುರಿಗೆ ಬಂದು ನಿಂತು, “ಏನಕ್ಕ, ಭಾವ ಅಡಿಗಲ್ಲು ಮಾರ್ತಾರಂತೆ? ಅದನ್ನ ಎತ್ತೋಕೆ ಕ್ರೇನ್ ತರಿಸ್ಲಾ, ಭಾವನ್ನೇ ತರಿಸ್ಲಾ?” ಎಂದ. ಅವಳು ತುಟಿ ಓದಿ ನಕ್ಕಳು. ಕಣ್ಣು ನಗಲಿಲ್ಲ.

ಡ್ರಮ್ಮಿನ ತಳದಲ್ಲಿ ಒಂದು ಉದ್ದನೆಯ ಚಪ್ಪಟೆ ಅರ, ಮೇಲೆ ದಪ್ಪ ತಗಡು. ತಗಡನ್ನು ಎತ್ತಲು ಎರಡೂ ಕೈ ಬೇಕು. ಆಗಲೇ ಆರಿಸಿದ್ದ ಒಂದು ಅರವನ್ನು ಎಲ್ಲಿಡುವುದು? ಬಟ್ಟೆಯಲ್ಲಿ ಒರೆಸಿ, ಅದರ ಬಾಲವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬಗ್ಗಿದಳು. ಅರದ ಮೂತಿ ಡ್ರಮ್ಮಿನ ಅಂಚಿಗೆ ತಾಗಿತು.

ಟಿಣ್.

ತಗಡು ಅವಳ ಕೈಯಿಂದ ಜಾರಿತು. ದನಿ ಹೊರಗಿನಿಂದ ಬರಲಿಲ್ಲ. ಹಲ್ಲಿನಲ್ಲಿ ಹುಟ್ಟಿ, ದವಡೆಯಲ್ಲಿ ಏರಿ, ಬಹಳ ದಿನದಿಂದ ಬೀಗ ಹಾಕಿದ್ದ ಮನೆಯಲ್ಲಿ ಒಂದೊಂದೇ ಕೋಣೆಗೆ ದೀಪ ಹಚ್ಚುತ್ತ ಹೋದ ಹಾಗೆ ತಲೆಯೊಳಗೆಲ್ಲ ಹರಡಿತು. ಮುಗಿಯಿತು ಎಂದುಕೊಂಡ ಮೇಲೂ ಒಂದು ಎಳೆ ಉಳಿಯಿತು. ಅವಳು ನಿಂತಲ್ಲೇ ಕಣ್ಣು ಮುಚ್ಚಿದಳು. ಅಪ್ಪನ ತಕ್ಕಡಿ ಎಲ್ಲೋ ತೂಗಿದಂತಾಯಿತು.

ಮತ್ತೆ ತಟ್ಟಿಕೊಂಡಳು. ಇನ್ನೊಂದನ್ನು ಕಚ್ಚಿದಳು. ಇನ್ನೊಂದನ್ನು.

“ಅಕ್ಕ, ರುಚಿ ನೋಡಿ ಆರಿಸ್ತಿದ್ದೀಯಾ?” ತಮ್ಮ ಗಾಬರಿಯಾಗಿ ಓಡಿಬಂದ. “ಮನೇಲಿ ತಿಂಡಿ ಆಗಿಲ್ವಾ?”

ಅವಳು ಆಗಲೇ ಅರ್ಧ ಬೀದಿ ದಾಟಿದ್ದಳು.

ಮನೆಯಲ್ಲಿ ಗಂಡ ಇರಲಿಲ್ಲ. ಕುಲುಮೆಯ ಕೋಣೆಯಲ್ಲಿ, ಈಚೆಗೆ ತಾನೇ ಆರಿಸಿ ತಂದಿದ್ದ ಅರಗಳ ಕಟ್ಟು ಬಿಚ್ಚಿ, ನೆಲದ ಮೇಲೆ ಕೂತು, ಒಂದೊಂದನ್ನೇ ತೊಳೆದು ಕಚ್ಚಿ ತಟ್ಟಿದಳು. ಎರಡು ಗುಡ್ಡೆಗಳಾದವು. ಟಪ್ ಎನ್ನುವ ಗುಡ್ಡೆ ದೊಡ್ಡದಾಗುತ್ತ ಹೋಯಿತು. ಆಮೇಲೆ ಏನೋ ತೋಚಿ, ಮೂಲೆಯ ಬಕೆಟ್ಟಿನಿಂದ ಒಡೆದ ತುಂಡುಗಳನ್ನು ಸುರಿದು, ಗೋಣಿ ಸರಿಸಿ ಬೆಳಕಿಗೆ ಹಿಡಿದಳು.

ಅತ್ತೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು. ಬಹಳ ಹೊತ್ತು ನೋಡಿ, ಹತ್ತಿರ ಬಂದು, ಸೊಸೆಯ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಕೇಳಿದಳು: “ಕಿವಿ ಹೋಗಿದೆಯೇನೇ?”

ಟಿಣ್ಣಕ್ಕ ತಲೆಯಾಡಿಸಿದಳು.

“ನನಗೆ ಹಲ್ಲು ಹೋದಾಗ ಊರಿಗೆಲ್ಲ ಹೇಳ್ಕೊಂಡು ಅತ್ತಿದ್ದೆ. ನೀನು ಒಬ್ಬಳೇ ಇಟ್ಕೊಂಡು ಕೂತಿದ್ದೀಯಲ್ಲ, ಜಿಪುಣಿ.” ಅತ್ತೆ ಅವಳ ತುಟಿಯ ಮೇಲಿನ ತುಕ್ಕನ್ನು ಬೆರಳಿನಿಂದ ಒರೆಸಿದಳು. “ಅವನಿಗೆ ನೀನೇ ಹೇಳ್ಬೇಕು. ನಾನು ಹೇಳಿದ್ರೆ ಅಮ್ಮ ಸಮಾಧಾನಕ್ಕೆ ಹೇಳ್ತಿದ್ದಾಳೆ ಅಂದ್ಕೋತಾನೆ.”

ವೆಲ್ಡಿಂಗ್ ಶಾಪಿನಿಂದ ಗಂಡ ಬಂದಾಗ ಮಧ್ಯಾಹ್ನದ ಬಿಸಿಲು ಅಂಗಳದಲ್ಲಿ ಮಲಗಿತ್ತು. ಅವಳು ಅವನನ್ನು ಕುಲುಮೆಯ ಒಳಗೆ ಕರೆದು, ಎದುರಿಗೆ ನಿಲ್ಲಿಸಿಕೊಂಡು ಹೇಳಿದಳು.

“ರೀ, ನಿಮ್ಮ ಕಣ್ಣು ಚೆನ್ನಾಗಿದೆ. ನನ್ನ ಕಿವಿ ಕೇಳಲ್ಲ. ಒಡೆದ ಅರಗಳನ್ನೇ ತಂದುಕೊಟ್ಟಿದ್ದೀನಿ.”

ಅವನು ನಗಲು ನೋಡಿದ. “ನನ್ನ ಮನಸ್ಸಿಗೆ ಬೇಜಾರಾಗದೇ ಇರ್ಲಿ ಅಂತ ಹೀಗೆಲ್ಲ ಹೇಳ್ಬೇಡ.”

ಅವಳು ಒಂದು ತುಂಡು ಅವನ ಕೈಗಿಟ್ಟಳು. ಒಡೆದ ಮುಖ ಎರಡು ಬಣ್ಣದಲ್ಲಿತ್ತು. ಒಂದು ಪಾಲು ಬೂದಿಬಣ್ಣದಲ್ಲಿ ಹೊಳೆಯುತ್ತಿತ್ತು. ಅದು ನೀರಿನಲ್ಲಿ ಹೊಸದಾಗಿ ಒಡೆದದ್ದು. ಇನ್ನೊಂದು ಪಾಲು ಕರಿಕಪ್ಪು. ಅದು ನೀರು ಕಾಣುವ ಮೊದಲೇ ಒಡೆದಿದ್ದದ್ದು, ಬಿರುಕಿನೊಳಗೆ ಬೆಂಕಿ ಹೊಕ್ಕು ಕಪ್ಪಾದದ್ದು. ಅವನು ಇನ್ನೊಂದು ತುಂಡು ತೆಗೆದ. ಅದೂ ಹಾಗೆಯೇ. ಒಡೆದ ಸಿಟ್ಟಿನಲ್ಲಿ ಒಂದನ್ನೂ ತಿರುಗಿಸಿ ನೋಡದೆ ಬಕೆಟ್ಟಿಗೆ ಎಸೆದಿದ್ದ.

“ಯಾವಾಗಿಂದ?” ಎಂದ.

“ತುಂಬಾ ದಿನ ಆಯ್ತು.”

“ನಾನು ಕೆಂಡದ ಕಡೆ ಮುಖ ಮಾಡ್ಕೊಂಡು ಇಲ್ಲಿ ಏನೆಲ್ಲ ಮಾತಾಡಿದೀನಲ್ಲೇ ನಿನ್ನ ಹತ್ರ?”

“ಬೆನ್ನು ಅಲ್ಲಾಡೋದು ಕಾಣ್ತಿತ್ತು. ಹೂಂ ಅಂತಿದ್ದೆ.”

ಅವನು ಅಡಿಗಲ್ಲಿನ ಮೇಲೆ ಕೂತುಬಿಟ್ಟ. ಸಿಟ್ಟು ಬಂತು, ಅದು ಅವನ ಕಿವಿಯ ತುದಿ ಕೆಂಪಾದದ್ದರಲ್ಲಿ ಅವಳಿಗೆ ತಿಳಿಯಿತು. “ಉಪ್ಪು ಹಾಕಿದೆ, ಮಳೆನೀರು ಹಿಡಿದೆ, ಕಣ್ಣಾಸ್ಪತ್ರೆಗೂ ಹೋಗ್ಬಂದೆ, ನಿನಗೆ ಹೇಳದೆ. ಒಂದು ಮಾತು ಹೇಳೋಕೆ ಏನಾಗಿತ್ತು?”

“ಹೇಳಿದ್ರೆ ನಾನು ಇಲ್ಲಿ ಯಾಕಿರಬೇಕು ಅನ್ನಿಸ್ತು.”

ಅವನು ಎದ್ದು ಅವಳ ಎದುರಿಗೆ ಸರಿಯಾಗಿ ನಿಂತು, ಒಂದೊಂದೇ ಮಾತನ್ನು ತುಟಿಯಲ್ಲಿ ಬಿಡಿಸಿ ಹೇಳಿದ. “ಅರ ತಟ್ಟೋದಕ್ಕೆ ಮಾತ್ರ ಕರ್ಕೊಂಡು ಬಂದಿದ್ದಿದ್ರೆ, ಮೊಳೆ ಒಂದನ್ನೇ ತರ್ತಿದ್ದೆ.”

ಹೊರಗಿನಿಂದ ಅತ್ತೆಯ ಕೂಗು ಬಂತು: “ಅಡಿಗಲ್ಲು ಮಾರೋದಾ, ಇಟ್ಕೊಳ್ಳೋದಾ, ಬೇಗ ತೀರ್ಮಾನ ಮಾಡ್ರೋ! ನನ್ನ ಡಬ್ಬೀಲಿ ಬಟ್ಟೆ ಕರಿಕಾಗ್ತಿದೆ.” ಅದು ಅವನಿಗೆ ಮಾತ್ರ ಕೇಳಿತು. ಅವನು ನಕ್ಕದ್ದು ಅವಳಿಗೆ ಕಂಡಿತು.

ಅವನು ಇದ್ದಿಲು ಸುರಿದು ಕೆಂಡ ಎಬ್ಬಿಸಿದ. ಕಿಟಕಿಯ ಗೋಣಿ ಎಳೆದು ಮುಚ್ಚಿದ. ಅವಳು ಸಣ್ಣ ಗುಡ್ಡೆಯಿಂದ ಒಂದು ಅರ ತೆಗೆದುಕೊಟ್ಟಾಗ, ಮೊದಲ ಸಲ, ಅವನು ಅದನ್ನು ನೇರ ಬೆಂಕಿಗಿಡಲಿಲ್ಲ. ಕೈಯಲ್ಲಿ ಹಿಡಿದು ನಿಂತ.

“ಹೇಗೆ ಕಚ್ಚಬೇಕು?” ಎಂದ.

ಅವಳು ತೋರಿಸಿದಳು. ಬಾಲವನ್ನು ಮುಂದಿನ ಹಲ್ಲುಗಳ ನಡುವೆ ಗಟ್ಟಿಯಾಗಿ ಹಿಡಿದು, ತುಟಿ ತಾಗದಂತೆ. ಅವನು ಕಚ್ಚಿದ. ಅವಳು ಮೊಳೆಯಿಂದ ಮೆಲ್ಲನೆ ತಟ್ಟಿದಳು. ಅವನ ಹುಬ್ಬು ಮೇಲೇರಿತು. ಇಷ್ಟು ವರ್ಷ ಅವಳ ಮಾತು ನಂಬಿಯೇ ಉಕ್ಕು ಕಾಯಿಸಿದ್ದವನು. ಅವಳು ಏನನ್ನು ಕೇಳುತ್ತಿದ್ದಳು ಎಂದು ಅವನಿಗೆ ಗೊತ್ತೇ ಇರಲಿಲ್ಲ. ಕೆಂಡದ ಬೆಳಕಿನಲ್ಲಿ ಅವನ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಅರ ಬಾಯಲ್ಲಿದ್ದ ಹಾಗೆಯೇ ಏನೋ ಅಂದ, ಅದು ಮಾತಾಗಲಿಲ್ಲ. ಕೊನೆಯ ಎಳೆ ಮುಗಿಯುವವರೆಗೂ ಅವನು ಹಾಗೆಯೇ ನಿಂತಿದ್ದ, ಆಮೇಲೆ ಇನ್ನೊಂದು ಸಲ ತಟ್ಟು ಎಂದು ಕೈಯಲ್ಲೇ ತೋರಿಸಿದ.